ಅಡ್ಮಿಟ್ ಆಗಬೇಕಾ, ಹೊರರೋಗಿಯಾಗಿ ಹೋದರೆ ಸಾಕಾ?

ಕುಡಿತ, ಡ್ರಗ್ಸ್ ಬಿಡುವ ಚಿಕಿತ್ಸೆ ಅಂದ ಕೂಡಲೇ ನೆನಪಾಗುವುದು ಅಡ್ಮಿಟ್ ಆಗುವುದೇ, ಅಲ್ವಾ? ಆದರೆ ಹೆಚ್ಚಿನವರಿಗೆ ಹೊರರೋಗಿ ಚಿಕಿತ್ಸೆಯೇ ಸಾಕು. ಕೆಲಸ ಬಿಡಬೇಕಿಲ್ಲ, ಖರ್ಚೂ ಕಡಿಮೆ. ತೊಂದರೆ ಏನೆಂದರೆ, ಜೊತೆಗೆ ಕುಡಿಯುವ ಗೆಳೆಯರೂ ಸಂಜೆ ಸಿಗುತ್ತಾರೆ.

ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿದವರು ಮಾತ್ರ ಸುಮ್ನೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಕುಡಿಯುವುದು ನಿಂತ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು ಶುರುವಾಗುತ್ತದೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ತಾನೆಲ್ಲಿದ್ದೇನೆ ಅಂತಲೂ ತಿಳಿಯುವುದಿಲ್ಲ. ಇದು ಜೀವಕ್ಕೇ ಅಪಾಯ. ಹಿಂದೆ ಹೀಗೆ ಫಿಟ್ಸ್ ಬಂದಿದ್ದರಂತೂ ಯೋಚನೆಯೇ ಬೇಡ, ಅಡ್ಮಿಟ್ ಆಗಿ.

ಹೆರಾಯಿನ್‌ನಂಥವುಗಳ ಲೆಕ್ಕ ಬೇರೆ. ಕೆಲವು ದಿನ ಒಳಗಿದ್ದು, ಔಷಧಿಯಿಲ್ಲದೆ ಹೊರಬಂದರೆ ಅಪಾಯವೇ ಹೆಚ್ಚು. ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಡೋಸ್‌ಗೇ ಉಸಿರು ನಿಲ್ಲಬಹುದು. ಹೆರಾಯಿನ್‌ನ ಚಟ ತಡೆಯಲು ಕೊಡುವ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧಿಯನ್ನು ಹೊರರೋಗಿಯಾಗಿ ದೀರ್ಘಕಾಲ ತೆಗೆದುಕೊಳ್ಳುವುದೇ ನನ್ನ ಮಟ್ಟಿಗೆ ಮೇಲು.

ಡಾಕ್ಟರೇ ಇಲ್ಲದೆ, ಬೀಗ ಹಾಕಿ ಕೂರಿಸುವ ಕೇಂದ್ರ ಎಷ್ಟೇ ಅಗ್ಗವಾದರೂ ಬೇಡ. ಸೇರುವ ಮೊದಲೇ ಕೇಳಿ: ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ? ಡಿಸ್ಚಾರ್ಜ್ ಆದಮೇಲೆ ಮತ್ತೆ ಯಾವಾಗ ಬರಬೇಕು?