ಪತ್ಮೋಸ್‌ಗೆ ಹೋಗುವುದೋ, ಟಿನೋಸ್‌ಗೋ?

ಗ್ರೀಸಿನ ಕ್ರೈಸ್ತ ಪರಂಪರೆಯನ್ನು ಕಾಣಲು ಒಂದೇ ದ್ವೀಪಕ್ಕೆ ಹೋಗಲು ಬಿಡುವಿದ್ದರೆ ಯಾವುದನ್ನು ಆರಿಸಬೇಕು? ಎರಡರಲ್ಲೂ ತಂಗಿ ಬಂದ ನನ್ನ ಉತ್ತರ ಪತ್ಮೋಸ್. ಆದರೂ ಟಿನೋಸ್ ಪರವಾಗಿ ಹೇಳಬೇಕಾದದ್ದು ಬಹಳವಿದೆ.

ಎರಡರಲ್ಲೂ ವಿಮಾನ ನಿಲ್ದಾಣವಿಲ್ಲ. ಟಿನೋಸ್ ಅಥೆನ್ಸ್‌ಗೆ ಹತ್ತಿರ. ರಫೀನಾ ಬಂದರಿನಿಂದ ಕೆಲವೇ ಗಂಟೆಗಳ ಹಡಗಿನ ಹಾದಿ. ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಪತ್ಮೋಸ್‌ಗೆ ಅದಕ್ಕಿಂತ ಬಹಳ ಹೊತ್ತು ಹಿಡಿಯುತ್ತದೆ.

ಟಿನೋಸಿನ ಜೀವಾಳ ಮಾತೆ ಮರಿಯಳ ಇಗರ್ಜಿ. 1823ರಲ್ಲಿ ನೆಲ ಅಗೆದಾಗ ಸಿಕ್ಕ ಪವಿತ್ರ ಚಿತ್ರ ಅಲ್ಲಿದೆ. ಬಂದರಿನಿಂದ ಮೇಲೇರುವ ಬೀದಿಯ ಅಂಚಿಗೆ ಜಮಖಾನದ ಪಟ್ಟಿ ಹಾಸಿರುತ್ತಾರೆ. ಹರಕೆ ಹೊತ್ತವರು ಅದರ ಮೇಲೆ ಮಂಡಿಯಲ್ಲೇ ತೆವಳುತ್ತಾ ಇಗರ್ಜಿ ಸೇರುತ್ತಾರೆ. ಉರುಳುಸೇವೆ ಕಂಡ ಕನ್ನಡಿಗರಿಗೆ ಆ ನಂಬಿಕೆಯ ತೀವ್ರತೆಯನ್ನು ವಿವರಿಸಬೇಕಾಗಿಲ್ಲ. ಒಳಗೆ ಭಕ್ತರು ಒಪ್ಪಿಸಿದ ಬೆಳ್ಳಿಯ ಹಡಗುಗಳು, ಕೈಕಾಲುಗಳು ತೂಗುತ್ತವೆ. ಊರಾಚೆ ಪಿರ್ಗೋಸಿನ ಅಮೃತಶಿಲೆಯ ಕುಶಲಕರ್ಮಿಗಳು, ಕಲ್ಲಿನ ಪಾರಿವಾಳದ ಗೂಡುಗಳು, ವೊಲಾಕ್ಸಿನ ದುಂಡು ಬಂಡೆಗಳು. ಹಳ್ಳಿ ಸುತ್ತುವುದಕ್ಕೆ ಟಿನೋಸೇ ಮೇಲು.

ಪತ್ಮೋಸ್ ನನ್ನನ್ನು ಹಿಡಿದಿಟ್ಟದ್ದು ಬೇರೆ ಕಾರಣಕ್ಕೆ. ಅಲ್ಲಿನ ನಿಸರ್ಗವನ್ನೂ ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯನ್ನೂ ಬೇರ್ಪಡಿಸಲಾಗದು. ಆ ಗ್ರಂಥವನ್ನು ಬರೆದ, ಈ ದ್ವೀಪಕ್ಕೆ ಗಡೀಪಾರಾಗಿದ್ದ ಯೋಹಾನನಿಗೆ ದರ್ಶನವಾಯಿತೆಂದು ನಂಬುವ ಗುಹೆ ಸ್ಕಾಲಾ ಬಂದರಿಗೂ ಮೇಲಿನ ಖೋರಾ ಊರಿಗೂ ನಡುವೆ ಇದೆ. ಅದರ ಚಾವಣಿಯ ಬಂಡೆ ಮೂರಾಗಿ ಸೀಳಿದೆ. ಹೊಸ ಭೂಮಿಯಲ್ಲಿ ಸಮುದ್ರವೇ ಇರುವುದಿಲ್ಲ ಎಂದು ಪ್ರಕಟನೆ ಗ್ರಂಥ ಹೇಳುತ್ತದೆ. ಎತ್ತ ತಿರುಗಿದರೂ ನೀಲಿ ನೀರೇ ಕಾಣುವ ಆ ಗುಡ್ಡದ ಮೇಲೆ ನಿಂತಾಗ ಆ ಮಾತು ನನಗೆ ಹೊಳೆಯಿತು: ನಮಗೆ ಸೊಬಗಾಗಿರುವ ಕಡಲು ಗಡೀಪಾರಾದವನಿಗೆ ಸೆರೆಮನೆಯ ಗೋಡೆ.

ಖೋರಾದ ನೆತ್ತಿಯ ಮೇಲಿರುವ ಮಠವನ್ನು ಸಂತ ಕ್ರಿಸ್ಟೊಡೌಲೋಸ್ 1088ರಲ್ಲಿ ಸ್ಥಾಪಿಸಿದರು. ಕಡಲ್ಗಳ್ಳರಿಗೆ ಅಂಜಿ ಅದನ್ನು ಕೋಟೆಯಂತೆ ಕಟ್ಟಲಾಯಿತು. ನೇರಳೆ ಚರ್ಮಪತ್ರದ ಮೇಲೆ ಬೆಳ್ಳಿಯಲ್ಲಿ ಬರೆದ ಆರನೆಯ ಶತಮಾನದ ಮಾರ್ಕನ ಸುವಾರ್ತೆಯ ಹಾಳೆಗಳು ಆ ಮಠದ ಸೊತ್ತು. 1999ರಲ್ಲಿ ಯುನೆಸ್ಕೋ ಖೋರಾ, ಮಠ, ಗುಹೆ ಮೂರನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪತ್ಮೋಸ್‌ನಲ್ಲಿ ಸ್ಕಾಲಾದಲ್ಲೇ ಉಳಿದುಕೊಳ್ಳಿ. ಪ್ರವಾಸಿ ಹಡಗುಗಳ ಜನ ಬರುವ ಮುನ್ನ ಹಳೆಯ ಕಲ್ಲುಹಾದಿ ಹಿಡಿದು ಗುಹೆಗೆ ನಡೆಯಿರಿ. ಟಿನೋಸ್‌ಗೆ ಆಗಸ್ಟ್ 15ರ ಮಾತೆ ಮರಿಯಳ ಹಬ್ಬಕ್ಕೆ ಹೋಗುವುದಾದರೆ ಕೋಣೆಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಿ.