ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚುವವರಿದ್ದಾರೆ, ಹುಷಾರು

ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಕೊಡುವವರು, ಅದರಲ್ಲೂ ಬ್ಯಾಟರಿ ಬದಲಿಸಬೇಕಾದವರು, ಇದನ್ನೊಂದು ಸಲ ಓದಿ. ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ "ಗಾಳಿ ತೆಗೆದು" ಮತ್ತೆ ಅದನ್ನೇ ಕೂಡಿಸಿ ಕೊಡುವ ಅಂಗಡಿ ನಮ್ಮೂರಲ್ಲಿದೆ. ನನ್ನ ಕಣ್ಣೆದುರಿಗೇ ಚುಚ್ಚಿದರು. ಅಂಗಡಿಯ ಹೆಸರು ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದು ಅದರ ದಾರಿ ಹಿಡಿದು ಹೋಗಲಿ. ಅಲ್ಲಿ ಏನೇನು ನಡೆಯಿತು ಅಂತ ತಿಳಿದಿದ್ದರೆ ಯಾವ ಅಂಗಡಿಯ ಕಟ್ಟೆ ಹತ್ತಿದರೂ ನಿಮಗೆ ಉಪಯೋಗಕ್ಕೆ ಬರುತ್ತದೆ.

ನಾನು ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆಯುವವ. ದುರ್ಗದಬೈಲ್, ದಾಜಿಬಾನ ಪೇಟೆ ಕಡೆಯ ಅಂಗಡಿಗಳ ಜಿಎಸ್‌ಟಿ ಕೆಲಸ. ತಿಂಗಳ 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ, ನಡುವೆ ಉಸಿರಾಡಲು ಜಾಗವಿಲ್ಲ. ಲ್ಯಾಪ್‌ಟಾಪ್ ಕೆಟ್ಟರೆ ನನ್ನೊಬ್ಬನ ಕೆಲಸ ನಿಲ್ಲುವುದಿಲ್ಲ, ಅಷ್ಟೂ ಜನರಿಗೆ ಲೇಟ್ ಫೀ ಬೀಳುತ್ತದೆ. ಹೋದ ಚಳಿಗಾಲದಲ್ಲಿ ಹಳೆಯ ಬ್ಯಾಟರಿ ಅರ್ಧ ತಾಸೂ ನಿಲ್ಲದಂತಾಯಿತು. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ನಾಲ್ಕೂವರೆ ಸಾವಿರ, ಅದೂ ತರಿಸಿಕೊಡಬೇಕು ಅಂದರು. ಕೊಪ್ಪಿಕರ ರಸ್ತೆಯ ಹಿಂದಿನ ಗಲ್ಲಿಯೊಂದರ ಅಂಗಡಿಯಲ್ಲಿ ಹತ್ತೊಂಬತ್ತು ನೂರು. "ಒರಿಜಿನಲ್ ಐತ್ರಿ ಸರ, ಕಂಪನೀದ. ಆರು ತಿಂಗಳು ವಾರಂಟಿ ನಂದು."

ಮೊದಲ ದಿನವೇ ಎರಡು ವಿಷಯ ಕಣ್ಣಿಗೆ ಬಿದ್ದಿದ್ದವು.

ಒಂದು, ವಿಂಡೋಸ್ ಪಾಸ್‌ವರ್ಡ್ ಕೇಳಿದರು. ಬ್ಯಾಟರಿ ಬದಲಿಸಲು ಪಾಸ್‌ವರ್ಡ್ ಯಾಕೆ ಬೇಕು? ಹೊಸದು ಚಾರ್ಜ್ ಆಗುತ್ತಿದೆಯೋ ಇಲ್ಲವೋ ಅನ್ನುವುದು ವಿಂಡೋಸ್‌ಗೂ ಮೊದಲು ತೆರೆಯುವ ಸೆಟಪ್ ಪರದೆಯಾದ ಬಯೋಸ್‌ನಲ್ಲೂ ಕಾಣುತ್ತದೆ, ಲಾಗಿನ್ ಪರದೆಯ ಮೂಲೆಯಲ್ಲೂ ಕಾಣುತ್ತದೆ. ನಾನು ಕೊಡಲಿಲ್ಲ. ಆದರೆ ಕೌಂಟರ್ ಹಿಂದಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಲ್ಯಾಪ್‌ಟಾಪ್‌ಗಳನ್ನು ನೋಡಿದೆ. ಒಂದೊಂದರ ಮೇಲೂ ಬಿಳಿ ಟೇಪಿನ ತುಂಡು. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು, ಮೊಬೈಲ್ ನಂಬರು, ಕೆಳಗೆ ಪಾಸ್‌ವರ್ಡ್. ಒಳಗೆ ಬಂದ ಯಾರು ಬೇಕಾದರೂ ಓದಬಹುದು. ಆ ಲ್ಯಾಪ್‌ಟಾಪ್‌ಗಳ ಬ್ರೌಸರಿನಲ್ಲಿ ಬ್ಯಾಂಕಿನದು, ಇ-ಮೇಲಿನದು ಏನೇನು ಸೇವ್ ಆಗಿದೆಯೋ ದೇವರೇ ಬಲ್ಲ. ಲಾಗಿನ್ ಆಗಲೇಬೇಕಾದ ರಿಪೇರಿ ಇದ್ದರೆ ಖಾಲಿ ಖಾತೆಯೊಂದನ್ನು ಮಾಡಿ ಅದರ ಪಾಸ್‌ವರ್ಡ್ ಕೊಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದರೆ ಕಿತ್ತು ಜೇಬಿಗೆ ಹಾಕಿಕೊಂಡೇ ಮನೆ ಬಿಡಿ.

ಎರಡನೆಯದು ಬಿಲ್ಲು. "ಬಿಲ್ ಬೇಕಂದ್ರ ಜಿಎಸ್‌ಟಿ ಹೆಚ್ಚಿಗಿ ಆಗ್ತೈತ್ರಿ" ಅಂದರು, ಅದೂ ನನ್ನ ಮುಂದೆ! ಹಟ ಹಿಡಿದು ಬರೆಸಿಕೊಂಡೆ. ಬರೆದದ್ದು "ಲ್ಯಾಪ್‌ಟಾಪ್ ಸ್ಪೇರ್ – 1" ಅಂತ, ಅಷ್ಟೇ. ಮಾದರಿ ಇಲ್ಲ, ಸೀರಿಯಲ್ ನಂಬರ್ ಇಲ್ಲ. ವಾರಂಟಿಯನ್ನೂ ಬರೆಯಿರಿ ಅಂದಿದ್ದಕ್ಕೆ "ನಮ್ಮ ಮಾತ ವಾರಂಟಿ ರೀ" ಅನ್ನುವ ಉತ್ತರ. ಸಂದರ್ಭ ಬಂದಿದೆ, ಹೇಳಿಬಿಡುತ್ತೇನೆ: ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದಿರಬೇಕು, ಕರ್ನಾಟಕದ ನೋಂದಣಿಯಾದರೆ 29ರಿಂದ ಶುರುವಾಗಬೇಕು. ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ತಾವೇ ಕಟ್ಟುವ ಕಾಂಪೊಸಿಷನ್ ಸ್ಕೀಮ್‌ನಲ್ಲಿರುವ ಅಂಗಡಿಯವರು ಗಿರಾಕಿಯಿಂದ ಬೇರೆಯಾಗಿ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. "ಹೆಚ್ಚಿಗಿ ಆಗ್ತೈತಿ" ಅಂದವರ ನೋಂದಣಿ ಯಾವುದು ಅಂತ ಕೇಳಿ ನೋಡಿ, ದನಿ ಇಳಿಯುತ್ತದೆ.

ಬೇಸಿಗೆ ಬಂತು. ಮೊದಲು ಟಚ್‌ಪ್ಯಾಡ್ ಬಿಗಿಯಾಯಿತು, ಒತ್ತಿದರೆ ಕ್ಲಿಕ್ ಅನ್ನುವ ಸದ್ದಿಲ್ಲ. ಆಮೇಲೆ ಮೇಜಿನ ಮೇಲೆ ಇಟ್ಟರೆ ಒಂದು ಮೂಲೆ ಓಲಾಡತೊಡಗಿತು. ಕೆಳಗಿನ ಕವರಿನ ಅಂಚಿನಲ್ಲಿ ಉಗುರು ತೂರುವಷ್ಟು ಸಂದು. ಇವು ಮೂರೂ ಬ್ಯಾಟರಿ ಉಬ್ಬಿದ ಗುರುತುಗಳು. ಮುಚ್ಚಳ ಸರಿಯಾಗಿ ಕೂಡದೇ ಇರುವುದು ನಾಲ್ಕನೆಯದು. ಬಂದ್ ಮಾಡಿ, ಚಾರ್ಜರ್ ಕಿತ್ತು, ಅದೇ ಅಂಗಡಿಗೆ ಒಯ್ದೆ. ವಾರಂಟಿ ಅವಧಿ ಇನ್ನೂ ಮುಗಿದಿರಲಿಲ್ಲ.

ಇಪ್ಪತ್ತರ ಆಸುಪಾಸಿನ ಹುಡುಗ ಕವರ್ ಬಿಚ್ಚಿದ. "ಪುರಿ ಉಬ್ಬಿದಂಗ ಉಬ್ಬೇತಲ್ರಿ!" ಅಂತ ನಕ್ಕ. ನಾನು ಮೊದಲು ಬ್ಯಾಟರಿಯ ಲೇಬಲ್ಲಿನ ಫೋಟೋ ತೆಗೆದುಕೊಂಡೆ. ಅವನು ಮದರ್‌ಬೋರ್ಡಿನಿಂದ ಬ್ಯಾಟರಿಯ ಕನೆಕ್ಟರ್ ತೆಗೆಯಲಿಲ್ಲ. ಉದ್ದನೆಯ ಕಬ್ಬಿಣದ ಸ್ಕ್ರೂಡ್ರೈವರನ್ನು ಉಬ್ಬಿದ ಸೆಲ್ಲಿನ ಕೆಳಗೆ ತೂರಿಸಿ ಮೀಟಲು ಶುರು ಮಾಡಿದ. ಹಾಗೆ ಮಾಡಬೇಡಪ್ಪಾ ಅಂದೆ. ಒಳಗಿದ್ದ ಮಾಲೀಕರು ಎದ್ದು ಬಂದರು. ಹೊಸ ಬ್ಯಾಟರಿ ಕೇಳಿದರೆ, "ಸ್ಟಾಕ್ ಇಲ್ರಿ. ಸ್ವಲ್ಪ ಗ್ಯಾಸ್ ತುಂಬೇತಿ, ತೆಗೆದ್ರ ಚಪ್ಪಟಿ ಆಗ್ತೈತಿ. ಏನೂ ಆಗೂದಿಲ್ಲ ತಗೋರಿ, ದಿನಾ ಮಾಡೂದ ಇದು." ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಡ್ರಾಯರಿನಿಂದ ಹೊಲಿಗೆಯ ದೊಡ್ಡ ಸೂಜಿ ತೆಗೆದು ಮೂಲೆಗೆ ಚುಚ್ಚಿಯೇ ಬಿಟ್ಟರು.

ಸುಸ್ ಅಂತ ಸದ್ದು. ಸಿಹಿ ಸಿಹಿಯಾದ, ಮೂಗಿಗೆ ಅಡರುವ ಘಾಟು. ಅದರ ಬೆನ್ನಿಗೇ ಬಿಳಿ ಹೊಗೆ. ಹುಡುಗ ಗಾಬರಿಯಾಗಿ ಬ್ಯಾಟರಿಯನ್ನು ವಯರ್ ಸಮೇತ ಕಿತ್ತ. ಬೆರಳು ಸುಟ್ಟಿತು, ಕೈಬಿಟ್ಟ. ಅದು ಬಿದ್ದಲ್ಲಿ ಕೌಂಟರಿನ ರಬ್ಬರ್ ಮ್ಯಾಟ್ ಕಪ್ಪಾಯಿತು. ಕೊನೆಗೆ ರಟ್ಟಿನ ತುಂಡಿನಿಂದ ತಳ್ಳಿ ತಳ್ಳಿ ಹೊರಗಿನ ಗಟಾರಕ್ಕೆ ಕೆಡವಿದರು. ಬೆಂಕಿ ಹತ್ತಲಿಲ್ಲ. ನಾನು ಒಯ್ಯುವಾಗ ಚಾರ್ಜ್ ಹತ್ತು ಪರ್ಸೆಂಟಿನ ಹತ್ತಿರ ಇತ್ತು, ತುಂಬಿದ ಬ್ಯಾಟರಿಯಾಗಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಇದು ಯಾಕೆ ಅಷ್ಟು ಅಪಾಯ ಅಂದರೆ, ಬ್ಯಾಟರಿಯ ಆ ಚೀಲದೊಳಗೆ ಇರುವುದು ಬರಿ ಗಾಳಿಯಲ್ಲ. ಲಿಥಿಯಂ ಅಯಾನ್ ಸೆಲ್ಲಿನಲ್ಲಿ ಉರಿಯುವ ಗುಣದ ದ್ರಾವಣ ಇರುತ್ತದೆ. ಸೆಲ್ ಹಳತಾದಾಗ, ಬಿಸಿಯಲ್ಲಿ ಇದ್ದಾಗ, ಮಿತಿ ಮೀರಿ ಚಾರ್ಜ್ ಆದಾಗ ಆ ದ್ರಾವಣ ಒಡೆದು ಅನಿಲವಾಗುತ್ತದೆ, ಉಬ್ಬುವುದು ಅದಕ್ಕೇ. ಪ್ಲಸ್ ಮೈನಸ್ ಪದರಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ ಇದೆ. ಸೂಜಿ ಅದನ್ನು ದಾಟಿತೆಂದರೆ ಒಳಗೊಳಗೇ ಶಾರ್ಟ್. ಶಾರ್ಟಿನ ಬಿಸಿ ಇನ್ನಷ್ಟು ರಾಸಾಯನಿಕ ಕ್ರಿಯೆಗೆ, ಆ ಕ್ರಿಯೆ ಮತ್ತಷ್ಟು ಬಿಸಿಗೆ ದಾರಿ ಮಾಡುತ್ತದೆ. ಒಂದು ಹಂತ ದಾಟಿದರೆ ತಾನಾಗಿ ನಿಲ್ಲುವುದಿಲ್ಲ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಆ ಇಕ್ಕಟ್ಟಿನ ಅಂಗಡಿಯಲ್ಲಿ ಫ್ಯಾನ್ ಹಾಕಿಕೊಂಡು ಎಲ್ಲರೂ ಅದನ್ನೇ ಉಸಿರಾಡಿದೆವು. ಆ ಹುಡುಗ ದಿನಾ ಅಲ್ಲೇ ಕೂತಿರುತ್ತಾನೆ. ನನಗೆ ಸಿಟ್ಟು ಬಂದದ್ದು ಮಾಲೀಕರ ಮೇಲೆ, ಅವನ ಮೇಲೆ ಅಲ್ಲ. ಅವನಿಗೆ ಯಾರೂ ಕಲಿಸಿಯೇ ಇಲ್ಲ.

ಆಮೇಲೆ ಜಗಳ. "ನೀವು ಹಗಲೆಲ್ಲಾ ಚಾರ್ಜರ್ ಹಚ್ಚೇ ಇಟ್ಟಿರ್ತೀರಿ, ಅದಕ್ಕ ಹಿಂಗಾಗೇತಿ" ಅಂದರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಸದಾ 100 ಪರ್ಸೆಂಟ್ ತುಂಬಿಟ್ಟು ಬಿಸಿಯಲ್ಲಿ ಬಳಸಿದರೆ ಒರಿಜಿನಲ್ ಬ್ಯಾಟರಿಯೂ ಬೇಗ ಹಳತಾಗುತ್ತದೆ, ವರ್ಷಗಳಾದ ಮೇಲೆ ಉಬ್ಬಲೂಬಹುದು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜ್ ಅನ್ನು 80ರ ಸುತ್ತ ನಿಲ್ಲಿಸುವ ಸೆಟ್ಟಿಂಗ್ ಇದೆ, ಮೇಜಿನ ಮೇಲೇ ಇರುವ ಯಂತ್ರಕ್ಕೆ ಅದನ್ನು ಹಾಕಿಡಿ. ಆದರೆ ಚಳಿಗಾಲದಲ್ಲಿ ಹಾಕಿದ್ದು ಬೇಸಿಗೆಗೇ ಉಬ್ಬುವುದು ಚಾರ್ಜರ್ ಹಚ್ಚಿಟ್ಟಿದ್ದರಿಂದ ಅಲ್ಲ.

ಲೇಬಲ್ಲಿನ ಫೋಟೋ ಕೆಲಸಕ್ಕೆ ಬಂದದ್ದು ಇಲ್ಲಿ. 11.4 ವೋಲ್ಟ್ ಅಂತಿತ್ತು. ಅಂದರೆ ಮೂರು ಸೆಲ್, ಒಂದಕ್ಕೆ 3.8. ಇಂಥ ಸೆಲ್ 4.35 ವೋಲ್ಟಿಗೆ ಪೂರ್ತಿ ತುಂಬುತ್ತದೆ, ಅಲ್ಲಿಗೆ ಚಾರ್ಜಿಂಗ್ ನಿಲ್ಲಬೇಕು. ಮೂರೂ ಒಂದೇ ದರ್ಜೆಯವಾಗಿದ್ದು, ಒಂದೊಂದನ್ನೂ ಬೇರೆ ಬೇರೆಯಾಗಿ ಗಮನಿಸುವ ಸರ್ಕ್ಯೂಟ್ ಇದ್ದರೆ ಸರಿ. ಅಗ್ಗದ ಪ್ಯಾಕ್‌ಗಳಲ್ಲಿ ಹೊಂದಾಣಿಕೆಯಿಲ್ಲದ ಸೆಲ್ ಹಾಕಿ ಆ ಸರ್ಕ್ಯೂಟಿನಲ್ಲೇ ದುಡ್ಡು ಉಳಿಸಿರುತ್ತಾರೆ. ಇನ್ನೆರಡು ತುಂಬುವ ಮೊದಲೇ ಒಂದು ಸೆಲ್ ಮಿತಿ ದಾಟುತ್ತದೆ. ಲೇಬಲ್ಲಿನಲ್ಲಿ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು, ಐಎಸ್ 16046 ಅನ್ನುವ ಮಾನಕದ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಎಲ್ಲಾ ಅಚ್ಚುಕಟ್ಟಾಗಿ ಅಚ್ಚಾಗಿದ್ದವು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದೆ. ಅಂಥ ನೋಂದಣಿಯೇ ಇಲ್ಲ. ಯಾರು ಬೇಕಾದರೂ ಮೊಬೈಲಿನಲ್ಲಿ ಮಾಡಬಹುದಾದ ಪರೀಕ್ಷೆ ಇದು. ಹಣ ಕೊಡುವ ಮೊದಲೇ, ಕೌಂಟರಿನ ಮುಂದೆ ನಿಂತೇ ಮಾಡಿ. ತಯಾರಾದ ತಿಂಗಳನ್ನೂ ನೋಡಿ; ಅಸಲಿ ಮಾಲೇ ಆದರೂ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಬಳಸದೆಯೂ ಹಳತಾಗಿರುತ್ತದೆ.

ಲ್ಯಾಪ್‌ಟಾಪನ್ನು ಧಾರವಾಡದ ಸಪ್ತಾಪುರ ಕಡೆ ಒಬ್ಬರಲ್ಲಿಗೆ ಒಯ್ದೆ. ಅವರದೂ ಸಣ್ಣ ಅಂಗಡಿಯೇ. ನಾನು ಸಣ್ಣ ಅಂಗಡಿಗಳ ವಿರೋಧಿಯಲ್ಲ. ಕಂಪನಿ ಸೆಂಟರ್‌ನವರು ಇಡೀ ಬೋರ್ಡ್ ಬದಲಿಸಿ ಅನ್ನುವಲ್ಲಿ ಒಂದು ಚಿಪ್ ಬದಲಿಸಿ ಜೀವ ಕೊಡುವವರು ಇಂಥವರೇ. ಇವರು ಮಾಡಿದ್ದು ನೋಡಿ. ಮೇಜಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದ ಕಾಗದ ಹಾಸಿದರು. ತೆಗೆದ ಒಂದೊಂದು ಸ್ಕ್ರೂವನ್ನೂ ಕಾಗದದಲ್ಲಿ ಅದರದೇ ಜಾಗದಲ್ಲಿ ಇಟ್ಟರು. ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ. ನಮ್ಮ ಕಡೆ ಗಾಳಿ ಒಣಗಿರುವ ದಿನಗಳಲ್ಲಿ ಮೈಮೇಲಿನ ಸ್ಥಿರ ವಿದ್ಯುತ್ತು ಚಿಪ್ ಸುಡಲು ಸಾಕು, ನಮಗದು ಚುರ್ ಅಂತಲೂ ಅನಿಸುವುದಿಲ್ಲ.

ಸ್ಕ್ರೂ ಬಿಚ್ಚುವಾಗಲೇ ಒಂದು ಗಿಡ್ಡ ತೂತಿನಲ್ಲಿ ಉದ್ದನೆಯದು ಸಿಕ್ಕಿತು. ಅದರ ತುದಿ ಮದರ್‌ಬೋರ್ಡಿಗೆ ಒತ್ತಿ ಮೇಲಿನ ಲೇಪ ಕೆದರಿತ್ತು, ಇನ್ನೊಂದು ಸುತ್ತು ತಿರುಗಿಸಿದ್ದರೆ ಒಳಗಿನ ತಾಮ್ರದ ಗೆರೆ ಕಡಿಯುತ್ತಿತ್ತು. ಎರಡು ಸ್ಕ್ರೂ ಇರಲೇ ಇಲ್ಲ. ಟಚ್‌ಪ್ಯಾಡಿನ ಪಟ್ಟಿ ಕೇಬಲ್ ಮೀಟಿದ ಜಾಗದಲ್ಲಿ ಹರಿದಿತ್ತು. ಕಿತ್ತುಹೋಗಿದ್ದ ಬ್ಯಾಟರಿ ಕನೆಕ್ಟರನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಡಿದು ಹೊಸದಾಗಿ ಬೆಸುಗೆ ಹಾಕಿದರು. ಒಟ್ಟು ಖರ್ಚು ಕಂಪನಿ ಬ್ಯಾಟರಿಯ ಬೆಲೆಯನ್ನೂ ಮೀರಿತು.

ಹೊಸ ಬ್ಯಾಟರಿ ಬರುವವರೆಗೆ ಬರಿ ಚಾರ್ಜರ್ ಮೇಲೆ ಕೆಲಸ ಮಾಡಿದೆ. ಬ್ಯಾಟರಿ ಇಲ್ಲದೆಯೂ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಚಾರ್ಜರ್‌ನಲ್ಲೇ ನಡೆಯುತ್ತವೆ, ಆದರೆ ಯುಪಿಎಸ್ ಇಲ್ಲದಿದ್ದರೆ ಹೆಸ್ಕಾಂನವರು ಕರೆಂಟ್ ತೆಗೆದ ಕ್ಷಣವೇ ಟ್ಯಾಲಿ ಸಮೇತ ಕತ್ತಲು.

ನಿಮ್ಮ ಲ್ಯಾಪ್‌ಟಾಪ್ ಈಗಾಗಲೇ ಉಬ್ಬಿದ್ದರೆ: ಚಾರ್ಜ್ ಮಾಡಬೇಡಿ, ಮುಚ್ಚಳ ಒತ್ತಿ ಮುಚ್ಚಬೇಡಿ, "ಇವತ್ತೊಂದು ದಿನ" ಅಂತ ಬಳಸಬೇಡಿ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಂತೂ ಇಡಲೇಬೇಡಿ. ಒಯ್ಯುವವರೆಗೆ ಹಾಸಿಗೆ, ಪರದೆ, ಕಾಗದದ ರಾಶಿಯಿಂದ ದೂರ, ಗಚ್ಚಿನ ನೆಲದ ಮೇಲೆ ಇಡಿ. ಡೇಟಾ ಹೋಗುತ್ತದೆ ಅನ್ನುವ ಭಯ ಬೇಡ. ಅದು ಇರುವ ಎಸ್‌ಎಸ್‌ಡಿ ಬೇರೆ ಭಾಗ, ಹೆಚ್ಚಿನವುಗಳಲ್ಲಿ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಚ್ಚಿ ಓದಬಹುದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ ಮಾತ್ರ ಅದರ 48 ಅಂಕಿಯ ರಿಕವರಿ ಕೀ ನಿಮ್ಮ ಬಳಿ ಇರಬೇಕು, ಈಗಲೇ ಬರೆದಿಟ್ಟುಕೊಳ್ಳಿ. ತೆಗೆದ ಬ್ಯಾಟರಿಯನ್ನು ಪಾಲಿಕೆಯ ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಕಸ ಒತ್ತುವಾಗ ಚುಚ್ಚಿದಂತೆಯೇ ಆಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಬೇರೆ ಕಸದೊಂದಿಗೆ ಬೆರೆಸದೆ ಸಂಗ್ರಹಿಸುವವರಿಗೆ ಕೊಡಬೇಕು. ಸರ್ವಿಸ್ ಸೆಂಟರ್‌ನಲ್ಲಿ ಹೊಸದು ಕೊಳ್ಳುವಾಗಲೇ ಹಳೆಯದನ್ನು ತೆಗೆದುಕೊಳ್ಳುತ್ತೀರಾ ಅಂತ ಕೇಳಿಬಿಡಿ.

ನನ್ನ ದೂರು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಹೋಗಿದೆ. ಅಲ್ಲಿ ಬಗೆಹರಿಯದಿದ್ದರೆ ಧಾರವಾಡ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ಬಾಯಿಮಾತಿನ ಆರು ತಿಂಗಳು ಬಿಲ್ಲಿನ ಮೇಲೆ ಬರಬೇಕು ಅನ್ನುವುದು ಇದಕ್ಕೇ. ದೋಷವಿರುವ ಮಾಲಿಗೆ, ಕೆಟ್ಟ ಸೇವೆಗೆ ಪರಿಹಾರ ಕೇಳಲು ಎರಡು ವರ್ಷ ಸಮಯವಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಆಯೋಗಕ್ಕೆ ಶುಲ್ಕವಿಲ್ಲ. ಧಾರವಾಡದವರು ಹಾಳಾದ ಭಾಗಗಳ ಪಟ್ಟಿಯನ್ನು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ. ಬಿಲ್ಲು, ಲೇಬಲ್ಲಿನ ಫೋಟೋ, ಆ್ಯಪ್‌ನ ಸ್ಕ್ರೀನ್‌ಶಾಟ್ ಅದರ ಜೊತೆಗಿವೆ. ಆ ಅಂಗಡಿಯವರು ಹತ್ತೊಂಬತ್ತು ನೂರು ವಾಪಸ್ ಕೊಡುತ್ತೇವೆ, ದೂರು ತೆಗೆಯಿರಿ ಅಂತ ಫೋನ್ ಮಾಡಿದ್ದರು. ರಿಪೇರಿಯ ಖರ್ಚೂ ಸೇರಿಸಿ ಕೊಡಿ, ಕಪಾಟಿನ ಮೇಲಿನ ಆ ಪಾಸ್‌ವರ್ಡ್ ಟೇಪುಗಳನ್ನೂ ಕೀಳಿಸಿ ಅಂದಿದ್ದೇನೆ. ಮತ್ತೆ ಫೋನ್ ಬಂದಿಲ್ಲ.