ಕಲೋನ್‌ನ ಓರೆ ಮಂಚ: ಮಿದುಳಿನ ಪ್ರಯೋಗಕ್ಕೆ ಎನ್‌ವಿಹ್ಯಾಬ್ ಎಷ್ಟು ಸರಿ?

ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ 2013ರಲ್ಲಿ ಕಲೋನ್‌ನಲ್ಲಿ ತೆರೆದ ಎನ್‌ವಿಹ್ಯಾಬ್ ನೋಡಲು ಆಸ್ಪತ್ರೆಯ ವಾರ್ಡಿನ ಹಾಗೇ ಇದೆ. ತೂಕರಾಹಿತ್ಯ ದೇಹಕ್ಕೆ ಏನು ಮಾಡುತ್ತದೆಂದು ನೆಲದ ಮೇಲೇ ತಿಳಿಯಲು ಇಲ್ಲಿ ಸ್ವಯಂಸೇವಕರನ್ನು ವಾರಗಟ್ಟಲೆ ಮಲಗಿಸುತ್ತಾರೆ, ಇದಕ್ಕೆ ಬೆಡ್ ರೆಸ್ಟ್ ಅಧ್ಯಯನ ಎಂದು ಹೆಸರು. ವಾರ್ಡಿಗೂ ಇದಕ್ಕೂ ವ್ಯತ್ಯಾಸ ಮಂಚದ್ದು. ತಲೆಯ ಕಡೆ 6 ಡಿಗ್ರಿ ಕೆಳಕ್ಕೆ ಓರೆ. ಎರಡು ಮೀಟರ್ ಮಂಚದಲ್ಲಿ ತಲೆಗಿಂತ ಕಾಲು ಸುಮಾರು 21 ಸೆಂ.ಮೀ. ಎತ್ತರ. ಅಷ್ಟರಿಂದಲೇ ರಕ್ತ ಮತ್ತು ದೇಹದ್ರವ ಎದೆ, ತಲೆಯತ್ತ ಸರಿದು ಮುಖ ಊದುತ್ತದೆ, ಮೂಗು ಕಟ್ಟುತ್ತದೆ. ಗಗನಯಾತ್ರಿಗಳ ಮೊದಲ ದಿನಗಳ ದೂರೂ ಇದೇ.

ಶಿಸ್ತಿಗೆ ಪೂರ್ತಿ ಅಂಕ ಕೊಡಬೇಕು. ಊಟ, ಸ್ನಾನ, ಶೌಚ ಎಲ್ಲವೂ ಮಲಗಿಯೇ. ಒಂದು ಭುಜವಾದರೂ ಸದಾ ಹಾಸಿಗೆಗೆ ತಾಗಿರಬೇಕು. ಊಟವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ, ಮಂಚದ ಮೇಲೆ ಕ್ಯಾಮೆರಾ ಕಣ್ಣು. ಎಲ್ಲಕ್ಕಿಂತ ದೊಡ್ಡ ವಿಷಯ ದಿಂಬು. ದಿಂಬು ತಲೆಯನ್ನು ಕೆಲವು ಸೆಂ.ಮೀ. ಎತ್ತಿದರೂ ಓರೆಯ ಲಾಭದಲ್ಲಿ ಒಂದು ಪಾಲು ಹೋದಂತೆಯೇ. ದಿಂಬಿಗೆ ಅವಕಾಶವಿದ್ದ ಹಳೆಯ ಅಧ್ಯಯನಗಳಲ್ಲಿ, ಗಗನಯಾತ್ರಿಗಳಿಗೆ ಬರುವಂಥ ದೃಷ್ಟಿನರದ ಬಾವು ಕಾಣಲಿಲ್ಲ. 2017ರಲ್ಲಿ ಇಲ್ಲಿ ದಿಂಬಿಲ್ಲದೆ, 0.5 ಶೇಕಡ ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯಲ್ಲಿ 30 ದಿನ ಮಲಗಿದ 11 ಜನರಲ್ಲಿ ಐವರಿಗೆ ಅದು ಬಂತು. ಮೊದಲು ಗಾಳಿಯ ಮೇಲೇ ಅನುಮಾನ. ಆಮೇಲೆ ಮಾಮೂಲು ಗಾಳಿಯಲ್ಲೂ ಬಾವು ಕಂಡದ್ದರಿಂದ ಕಾರಣ ಓರೆಯೇ ಎಂಬ ವಾದ ಗಟ್ಟಿಯಾಯಿತು. ಹಾಗಾಗಿ ಬೆಡ್ ರೆಸ್ಟ್ ವರದಿ ಯಾವುದೇ ಇರಲಿ, ಮೊದಲು ಹುಡುಕಬೇಕಾದ್ದು ದಿಂಬಿನ ಸಾಲು.

ಇನ್ನು ಮಿದುಳಿನ ಕೆಲಸ. 2019ರ ಅಗ್‌ಬ್ರೆಸಾ ಅಧ್ಯಯನದಲ್ಲಿ 24 ಜನ 60 ದಿನ ಮಲಗಿದರು. ಮೂರರಲ್ಲಿ ಎರಡು ಪಾಲು ಜನರಿಗೆ ದಿನಕ್ಕೆ 30 ನಿಮಿಷ ಸೆಂಟ್ರಿಫ್ಯೂಜ್ ಸುತ್ತು, ಅಂದರೆ ಗಿರಗಿರ ತಿರುಗಿಸಿ ಕೃತಕ ಗುರುತ್ವ ಕೊಡುವುದು. ಎಚ್ಚರ, ನೆನಪು, ದಿಕ್ಕು, ಅಪಾಯ ತೆಗೆದುಕೊಳ್ಳುವ ಗುಣ ಇವನ್ನೆಲ್ಲ ಅಳೆಯುವ ಹತ್ತು ಪರೀಕ್ಷೆಗಳ ಗುಚ್ಛ ಕೊಟ್ಟರು. ಹೆಚ್ಚಿನವುಗಳಲ್ಲಿ ವೇಗ ಶುರುವಿನಲ್ಲೇ ತುಸು ಇಳಿದು ಅಲ್ಲೇ ನಿಂತಿತು. ಮುಖದ ಭಾವ ಗುರುತಿಸುವುದು ಮಾತ್ರ ದಿನ ಕಳೆದಂತೆ ನಿಧಾನವಾಗುತ್ತಾ ಹೋಯಿತು, ಮುಖಗಳಲ್ಲಿ ಸಿಟ್ಟನ್ನು ಹೆಚ್ಚು ಕಾಣುವ ಒಲವೂ ಬಂತು. ಸೆಂಟ್ರಿಫ್ಯೂಜ್ ಇದನ್ನು ತಡೆಯಲಿಲ್ಲ. ಆದರೆ ಇದು ದ್ರವದ ಆಟವೋ, ಎರಡು ತಿಂಗಳ ಏಕಾಂತವೋ? ಅದೇ ಕಟ್ಟಡದಲ್ಲಿ ಅದೇ ದಿನಚರಿಯಲ್ಲಿ ಓಡಾಡಿಕೊಂಡಿರುವ ಇನ್ನೊಂದು ಗುಂಪಿಲ್ಲದೆ ಎರಡನ್ನೂ ಬೇರ್ಪಡಿಸಲಾಗದು. ಈ ಸೇವೆಯ ದುಬಾರಿ ಕೊರತೆ ಇದೇ.

ಇನ್ನೊಂದು ಮಿತಿಗೆ ಯಾವ ಶಿಸ್ತೂ ಮದ್ದಲ್ಲ. ಒಳಕಿವಿಯ ಸುಣ್ಣದ ಹರಳುಗಳನ್ನು ಗುರುತ್ವ ಮಲಗಿದಾಗಲೂ ಎಳೆಯುತ್ತಲೇ ಇರುತ್ತದೆ. ಬಾಹ್ಯಾಕಾಶದಲ್ಲಿ ಆ ಎಳೆತವೇ ಸಿಗದೆ ಮಿದುಳು ಗೊಂದಲಕ್ಕೆ ಬೀಳುತ್ತದೆ. ಸಮತೋಲ, ಮೇಲು–ಕೆಳಗಿನ ಅರಿವು ನಿಮ್ಮ ವಿಷಯವಾಗಿದ್ದರೆ ಈ ಮಂಚ ಬೇಡ. ಬೋರ್ಡೊದಿಂದ ಹಾರುವ ನೊವೆಸ್ಪಾಸ್‌ನ ಎ310 ವಿಮಾನದಲ್ಲಿ ನಿಜವಾದ ತೂಕರಾಹಿತ್ಯವೇ ಸಿಗುತ್ತದೆ: 31 ಪ್ಯಾರಾಬೋಲ (ವಿಮಾನ ಕಮಾನಿನಂತೆ ಏರಿ ಇಳಿಯುವ ಹಾರಾಟ), ತಲಾ 22 ಸೆಕೆಂಡು, ಒಟ್ಟು ಹನ್ನೊಂದು ನಿಮಿಷ ಚಿಲ್ಲರೆ. ಪ್ರತಿ ಸಲವೂ ಹಿಂದೆಮುಂದೆ ದೇಹದ ತೂಕ 1.8 ಪಟ್ಟು. ವಾಂತಿ ತಡೆಯಲು ಕೊಡುವ ಸ್ಕೊಪೊಲಮಿನ್ ತಾನೇ ನೆನಪನ್ನು ಮಂಕು ಮಾಡುವ ಮದ್ದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಡುವಿನ ದಾರಿ ಡ್ರೈ ಇಮ್ಮರ್ಶನ್. ನೀರು ಮೈಗೆ ಸೋಕದಂತೆ, ಅದು ತೂರದ ಬಟ್ಟೆ ಹಾಸಿ, ಸುಮಾರು 33 ಡಿಗ್ರಿ ನೀರಿನ ತೊಟ್ಟಿಯಲ್ಲಿ ಮಲಗಿಸುವ ವಿಧಾನ. ಮೈಗೆ ಆಸರೆಯೇ ಇಲ್ಲದಂತಾಗುವುದರಿಂದ ಮಂಚಕ್ಕಿಂತ ಬೇಗ ಪರಿಣಾಮ ಕಾಣುತ್ತದೆ. ಬೆನ್ನುನೋವು ಖಾತ್ರಿ ಎಂದೇ ಇಟ್ಟುಕೊಳ್ಳಿ. ನೋವು ಗಮನವನ್ನು ಕದ್ದರೆ ಪರೀಕ್ಷೆಯ ಅಂಕವೂ ಬೀಳುತ್ತದೆ. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಓರೆ ಮಂಚ, ತೊಟ್ಟಿ ಎರಡರ ಅಧ್ಯಯನವೂ ನಡೆದಿದೆ, ಗಗನಯಾನದ ಹೊತ್ತಿಗೆ ಅದು ಉಪಯೋಗಕ್ಕೆ ಬರುವಂಥದ್ದೇ.

ಎನ್‌ವಿಹ್ಯಾಬ್‌ನ್ನೇ ಆರಿಸಿದವರು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕಾದ ಕೆಲವು ಮಾತುಗಳಿವೆ. ಮಲಗಿಸುವ ಮೊದಲಿನ ಪರೀಕ್ಷೆಯನ್ನು ಕೂತು ಒಮ್ಮೆ, ಓರೆಯಲ್ಲಿ ಒಮ್ಮೆ ಮಾಡಿಸಿ. ಕೂತಾಗಿನ ಅಂಕವೊಂದೇ ಇದ್ದರೆ ಮುಖದ ಮೇಲೆ ತೂಗುವ ಪರದೆಗೆ ಕೈ ಎತ್ತುವ ತಡವೂ ಮಿದುಳಿನ ಖಾತೆಗೆ ಬೀಳುತ್ತದೆ. ಅಭ್ಯಾಸಕ್ಕೆ ಎರಡು ಮೂರು ಸುತ್ತು ಮೊದಲೇ ಆಗಿಹೋಗಲಿ, ಇಲ್ಲದಿದ್ದರೆ ಕಲಿಕೆಯ ಏರಿಕೆ ನಿಜವಾದ ಇಳಿಕೆಯನ್ನು ನುಂಗುತ್ತದೆ. ಎಂಆರ್‌ಐ ಹಾಸು ಸಾಮಾನ್ಯವಾಗಿ ಸಪಾಟು. ಓರೆ ಉಳಿಸುವ ಫೋಮ್ ತುಂಡಿಗೆ ಜಾಗ ಇದೆಯೇ ಎಂದು ಕೇಳಿ, ಸಪಾಟಾಗಿ ಮಲಗಿಸಿದ ಕ್ಷಣದಿಂದಲೇ ದ್ರವ ಹಿಂದಕ್ಕೆ ಜಾರತೊಡಗುತ್ತದೆ. ಕೊನೆಯ ಸ್ಕ್ಯಾನ್ ಅವರನ್ನು ಎದ್ದು ನಿಲ್ಲಿಸುವ ಮೊದಲೇ ಮುಗಿಯಲಿ. ಮೊದಲ ಸಲ ನಿಂತಾಗ ರಕ್ತದೊತ್ತಡ ಕುಸಿದು ತಲೆಸುತ್ತು ಬರುವುದು ಮಾಮೂಲು. ಆ ಗಂಟೆಯಲ್ಲಿ ಹಿಡಿದ ಅಂಕದಿಂದ ಮಿದುಳಿನ ಬಗ್ಗೆ ಏನೂ ಹೇಳಲಾಗದು.